ಗಾನಕ್ಕೂ ಯಂತ್ರಕ್ಕೂ ನಡುವಣ ದೂರ



ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರದಲ್ಲಿ ದತ್ತಜಯಂತಿಯ ಸಮಯಕ್ಕೆ ಸಂಗೀತ ದರ್ಬಾರು ನೆರೆಯುವುದನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಇಂತಹ ಸಭೆಗಳ ಗಾನವನ್ನು ಮುದ್ರಿಸಿಕೊಳ್ಳಬೇಕೆಂಬ ಹಂಬಲವುಳ್ಳ ತರುಣರು ಮೊದಲು ಕೇಳುವ ಪ್ರಶ್ನೆ, ಯಾವ ಮೈಕು ಕೊಳ್ಳಬೇಕೆಂಬುದು. ಅಂಗಡಿಯ ಬೆಲೆಪಟ್ಟಿಗಿಂತ ಮೈಕಿನ ಚರಿತ್ರೆಯೇ ಇದಕ್ಕೆ ಲೇಸಾದ ಉತ್ತರವನ್ನೀಯುವುದೆಂದು ನನ್ನ ಅಭಿಮತ; ಏಕೆಂದರೆ ಆ ಚರಿತ್ರೆಯು ಹಾಡುವವರಿಗೂ ಯಂತ್ರಕ್ಕೂ ನಡುವಣ ದೂರದ ಚರಿತ್ರೆಯೇ ಆಗಿದೆ.

ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಹನ್ನೆರಡನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಗೀತವಾದ್ಯಗಳ ಲಕ್ಷಣವನ್ನು ವಿಸ್ತಾರವಾಗಿ ಹೇಳಿದನು, ಅದೇ ನಗರದಲ್ಲಿ ಶರಣರ ವಚನಗಳು ಮೊಳಗಿದವು. ಲಕ್ಷಣವೂ ಮಾತೂ ಓಲೆಗರಿಯಲ್ಲಿ ಉಳಿದುವಾದರೂ ಕಂಠವು ಉಳಿಯಲಿಲ್ಲ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ ಅನೇಕ ಪದಗಳನ್ನು ರಚಿಸಿದ, ಮಾಣಿಕನಗರದ ಸಂತರಾದ ಮಾಣಿಕಪ್ರಭುಗಳು 1865ರಲ್ಲಿ ಸಮಾಧಿಸ್ಥರಾದರು. ಧ್ವನಿಯನ್ನು ಮುದ್ರಿಸುವ ಎಡಿಸನ್ನನ ಫೋನೋಗ್ರಾಫು ಹುಟ್ಟಿದುದು 1877ರಲ್ಲಿ; ಆದುದರಿಂದ ಅವರ ಕಂಠವೂ ಉಳಿಯಲಿಲ್ಲ.

1902ರಲ್ಲಿ ಧ್ವನಿಮುದ್ರಕನಾದ ಗೈಸ್‌ಬರ್ಗನು ಕಲ್ಕತ್ತೆಯಲ್ಲಿ ಗೌಹರ್ ಜಾನರ ಗಾನವನ್ನು ಮುದ್ರಿಸಿದಾಗ ಗಾನಮುದ್ರಣಕ್ಕೆ ಮೈಕೆಂಬುದೇ ಬಳಕೆಯಲ್ಲಿರಲಿಲ್ಲ. ಗಾಯಕಿಯು ಒಂದು ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು, ಮೂರು ಮಿನಿಟಿನಷ್ಟರಲ್ಲಿ ರಾಗವನ್ನು ಮುಗಿಸಬೇಕಾಗಿತ್ತು. 1916ರಲ್ಲಿ ವೆಂಟೆ ಎಂಬ ವಿಜ್ಞಾನಿಯು ರೂಪಿಸಿದ ಕಂಡೆನ್ಸರ್ ಮೈಕು ದೂರದ ಸೂಕ್ಷ್ಮಸ್ವರವನ್ನೂ ಗ್ರಹಿಸಬಲ್ಲುದಾಯಿತು. 1925ರಿಂದ ಗ್ರಾಮಫೋನ್ ತಟ್ಟೆಗಳ ಮುದ್ರಣಕ್ಕೆ ವಿದ್ಯುತ್ತು ಒದಗಿತು. 1931ರಲ್ಲಿ ಗಟ್ಟಿಮುಟ್ಟಾದ ಡೈನಾಮಿಕ್ ಮೈಕು ಬಂದಿತು. 1939ರಲ್ಲಿ ಶೂರ್ ಸಂಸ್ಥೆಯ ಯೂನಿಡೈನು ಎದುರಿನ ಧ್ವನಿಯನ್ನು ಹಿಡಿದು ಬೆನ್ನಹಿಂದಿನ ಗದ್ದಲವನ್ನು ತಗ್ಗಿಸಿತು. 1962ರಲ್ಲಿ ಬೆಲ್ ಪ್ರಯೋಗಾಲಯದ ಸೆಸ್ಲರ್ ಮತ್ತು ವೆಸ್ಟ್ ಇವರು ಕಂಡುಹಿಡಿದ ಎಲೆಕ್ಟ್ರೆಟ್ ವಿಧಾನದಿಂದ ಕಂಡೆನ್ಸರು ಅಗ್ಗವಾಗಿ, ಕಿರಿದಾಗಿ, ಸಾಮಾನ್ಯರ ಕೈಗೆಟುಕಿತು.

ಈ ಚರಿತ್ರೆಯಿಂದ ಹೊಸಬನು ತಿಳಿಯಬೇಕಾದುದಿಷ್ಟು: ಮೊದಲು ದೂರವನ್ನು ನಿಶ್ಚಯಿಸಿ ಆಮೇಲೆ ಮೈಕನ್ನು ಆರಿಸಬೇಕು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಬಯಲಿನಲ್ಲಿ, ವಾದ್ಯಗಳ ಅಬ್ಬರದ ನಡುವೆ ಒಬ್ಬರ ಕಂಠವನ್ನೇ ಹಿಡಿಯಬೇಕಾದರೆ ಬಾಯಿಯ ಸಮೀಪದ ಡೈನಾಮಿಕ್ ಮೈಕೇ ಯೋಗ್ಯ. ಬಸವಕಲ್ಯಾಣದ ವಚನಗಾಯನದ ಸಭೆಯಲ್ಲಿ ತಂಬೂರಿ, ತಬಲ, ಹಾರ್ಮೋನಿಯಂ, ಕಂಠ ಇವೆಲ್ಲದರ ಸಮತೂಕವನ್ನು ಹಿಡಿಯುವುದಾದರೆ ಸಮಾನಗುಣದ ಎರಡು ಸಣ್ಣ ಕಂಡೆನ್ಸರುಗಳು ಬೇಕು. ಗಾಯಕರಿಂದ ಏಳೆಂಟು ಅಡಿ ದೂರದಲ್ಲಿ, ಕುಳಿತವರ ತಲೆಗಿಂತ ಎತ್ತರದಲ್ಲಿ ಒಂದೇ ಕಂಬಕ್ಕೆ ಅವನ್ನು ಕಟ್ಟಿ, ಮೂತಿಗಳ ನಡುವೆ 17 ಸೆಂಟಿಮೀಟರ್ ಅಂತರವನ್ನೂ 110 ಡಿಗ್ರಿ ಕೋನವನ್ನೂ ಇರಿಸಿದರೆ ಎಡಬಲಗಳ ವಿವೇಚನೆ ಸಹಜವಾಗಿ ಮೂಡುತ್ತದೆ. ಇಂತಹ ಮೈಕುಗಳಿಗೆ ಬಹುಮಟ್ಟಿಗೆ 48 ವೋಲ್ಟಿನ ವಿದ್ಯುತ್ತು ಬೇಕಾಗುವುದರಿಂದ, ಅದನ್ನೊದಗಿಸುವ ರೆಕಾರ್ಡರನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಹಣವು ಸಾಲದಿದ್ದರೆ ಎರಡು ಮೈಕುಗಳನ್ನು ತನ್ನಲ್ಲಿಯೇ ಅಡಕಮಾಡಿಕೊಂಡ ಕೈರೆಕಾರ್ಡರು ಆರಂಭಕ್ಕೆ ಸಾಕು.

ಲೌಡ್‌ಸ್ಪೀಕರಿನ ಎದುರಿಗೆ ಮೈಕನ್ನಿಟ್ಟರೆ ಸಿಗುವುದು ಡಬ್ಬಿಯ ಧ್ವನಿ, ಗಾಯಕರದಲ್ಲ. ತಾರಸ್ವರದಲ್ಲಿಯೂ ರೆಕಾರ್ಡರಿನ ಧ್ವನಿಮಟ್ಟದ ಸೂಚಿಯು ಮೈನಸ್ 12 ಡೆಸಿಬೆಲ್ಲನ್ನು ಮೀರದಂತೆ ಮೊದಲೇ ಅಣಿಗೊಳಿಸಬೇಕು. ಮಂದ್ರದ ಆಲಾಪದಲ್ಲಿ ಸರಿಯೆನಿಸಿದ ಅಳತೆಯು ತಾನಗಳ ಹೊತ್ತಿಗೆ ಒಡೆದುಹೋಗುವುದುಂಟು. ಗಾಯಕರ ಸಮ್ಮತಿಯನ್ನು ಪಡೆದು, ದಿನಾಂಕ, ರಾಗ, ಸ್ಥಳ, ಮೈಕಿಟ್ಟ ದೂರ ಇವನ್ನು ಬರೆದಿಡುವುದು ಕರ್ತವ್ಯ. ಈ ಶಿಸ್ತುಳ್ಳವನ ಕೈಯಲ್ಲಿ ಅಗ್ಗದ ಮೈಕೂ ಸಾರ್ಥಕವಾಗುವುದು. ಅದಿಲ್ಲದವನು ಎಷ್ಟೇ ಬೆಲೆಯ ಮೈಕನ್ನು ಕೊಂಡರೂ ತರುವುದು ಬರಿಯ ಸದ್ದನ್ನು.