ಮಕರದ ಸೊಂಡಿಲು, ಮೀನಿನ ದವಡೆ



ಪುತ್ತಿಗೆಯಿಂದ ಆಳುತ್ತಿದ್ದ ಚೌಟ ಅರಸರು ಮುಂದೆ ಮೂಡುಬಿದಿರೆಗೆ ನೆಲೆ ಬದಲಿಸಿದರು. ಅಲ್ಲಿನ ಚೌಟರ ಅರಮನೆಯ ಮರದ ಕಂಬಗಳನ್ನು ತಾವು ನೋಡಿರಬಹುದು. ಒಂಬತ್ತು ಮಂದಿ ಸ್ತ್ರೀಯರು ಮೈ ಹೆಣೆದುಕೊಂಡು ಒಂದು ಆನೆಯಾಗಿದ್ದಾರೆ; ಅದು ನವನಾರೀಕುಂಜರ. ಐವರು ಸೇರಿ ಒಂದು ಕುದುರೆಯಾಗಿದ್ದಾರೆ, ಅದು ಪಂಚನಾರೀತುರಗ. ದೇವಾಲಯಗಳ ತೋರಣದಲ್ಲಿ ಬಾಯ್ದೆರೆದಿರುವ ಮಕರವೂ ಇದೇ ಬಗೆಯದು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಮೀನಿನ ಮೈ ಅದರಲ್ಲಿ ಒಂದಾಗಿವೆ. ಯಾವ ಪ್ರಾಣಿಯ ಅಂಗವನ್ನಾದರೂ ತಂದು ಜೋಡಿಸುವ ಸ್ವಾತಂತ್ರ್ಯ ಶಿಲ್ಪಿಗಿದೆ.

ನಿಸರ್ಗಕ್ಕೆ ಆ ಸ್ವಾತಂತ್ರ್ಯವಿಲ್ಲ. ಹಿಂದಿನ ತಲೆಮಾರು ಬಿಟ್ಟುಹೋದ ಅಂಗವನ್ನೇ ಅದು ತಿದ್ದುತ್ತಾ ಹೋಗಬೇಕು.

ಡಂಕ್ಲಿಯೋಸ್ಟಿಯಸ್ ಎಂಬ ಮೀನನ್ನೇ ತೆಗೆದುಕೊಳ್ಳಿ. ಸುಮಾರು 36 ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಯುಗದ ಕಡಲುಗಳಲ್ಲಿ ಇದು ಬೇಟೆಯಾಡುತ್ತಿತ್ತು. ತಲೆಗೆ ಎಲುಬಿನ ಕವಚ. ಬಾಯಲ್ಲಿ ನಿಜವಾದ ಹಲ್ಲುಗಳಿಲ್ಲ. ದವಡೆಯ ಎಲುಬೇ ಕತ್ತಿಯ ಅಲಗು. ಮೇಲಿನದೂ ಕೆಳಗಿನದೂ ಉಜ್ಜಿಕೊಂಡು ತಾವಾಗಿಯೇ ಸಾಣೆಯಾಗುತ್ತಿದ್ದವು. ಕಲ್ಲಾಗಿ ಉಳಿದದ್ದು ಹೆಚ್ಚಾಗಿ ತಲೆಯ ಭಾಗ ಮಾತ್ರ. ಹಾಗಾಗಿ ಮೈಯ ಅಳತೆ ಊಹೆಯ ಮಾತಾಯಿತು. ಎಂಟು ಮೀಟರಿಗೂ ಮಿಗಿಲೆಂದು ಹೇಳುತ್ತಿದ್ದ ಉದ್ದವನ್ನು 2023ರ ಅಧ್ಯಯನವೊಂದು ಸುಮಾರು ನಾಲ್ಕು ಮೀಟರಿಗೆ ಇಳಿಸಿತು.

ಡೆವೋನಿಯನ್ ಯುಗದ ಕೊನೆಯ ಮಹಾವಿನಾಶದಲ್ಲಿ ಈ ಕವಚಮೀನುಗಳ ಗುಂಪೇ ಅಳಿಯಿತು. ಒಂದು ವೇಳೆ ಅಳಿಯದಿದ್ದರೆ? ಕವಚ ತೆಳುವಾಗಿ ವೇಗ ಹೆಚ್ಚಬಹುದಿತ್ತು. ದವಡೆಯ ಅಲಗು ಹೊಸ ಬೇಟೆಗೆ ತಕ್ಕಂತೆ ಬದಲಾಗಬಹುದಿತ್ತು. ಮುಂದೆ ಶಾರ್ಕುಗಳು ಏರಿದ ಸ್ಥಾನದಲ್ಲಿ ಇವೇ ಉಳಿಯಬಹುದಿತ್ತು. ಇಷ್ಟನ್ನು ಊಹಿಸಲು ಆಧಾರವಿದೆ. ಆದರೆ ಎಷ್ಟು ಕೋಟಿ ವರ್ಷ ಕಳೆದರೂ ಆನೆಯ ಸೊಂಡಿಲು ಅದಕ್ಕೆ ಎರವಲು ಸಿಗುತ್ತಿರಲಿಲ್ಲ. ಇರುವುದರಿಂದಲೇ ಹೊಸದು ಹುಟ್ಟಬೇಕೆಂಬ ಈ ಕಟ್ಟುಪಾಡನ್ನು ಮರೆತರೆ ವಿಜ್ಞಾನದ ಊಹೆ ಮಕರದ ಕೆತ್ತನೆಯಾಗಿಬಿಡುತ್ತದೆ. ಕೆತ್ತನೆಯಾಗಿ ಅದು ಸೊಗಸೇ, ಜೀವಿಯಾಗಿ ನಿಲ್ಲದು.

ಇನ್ನೊಂದು ಮಾತು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಸಿಕ್ಕ, ಸುಮಾರು 42 ಕೋಟಿ ವರ್ಷ ಹಳೆಯ ಎಂಟೆಲೋಗ್ನಾಥಸ್ ಎಂಬ ಕವಚಮೀನಿನ ವಿವರ 2013ರಲ್ಲಿ ಪ್ರಕಟವಾಯಿತು. ಅದರ ದವಡೆಯ ಎಲುಬುಗಳ ಜೋಡಣೆ ಇಂದಿನ ಎಲುಬುಮೀನುಗಳನ್ನೂ ಮನುಷ್ಯನನ್ನೂ ಹೋಲುತ್ತದೆ. ಡಂಕ್ಲಿಯೋಸ್ಟಿಯಸ್ ಮನುಷ್ಯನ ಪೂರ್ವಜನಲ್ಲ, ದೂರದ ದಾಯಾದಿ. ದಾಯಾದಿಯ ಮನೆ ಅಳಿದರೂ ಹಿರಿಯರ ಆಸ್ತಿಯಾದ ದವಡೆ ಮಾತ್ರ ಉಳಿದಿದೆ. ಇಂದು ಅನ್ನ ಅಗಿಯುವುದೂ ಮಾತಾಡುವುದೂ ಅದರಿಂದಲೇ.