ಒಂದು ಇಂಗ್ಲಿಷ್ ಶಬ್ದದೊಳಗಿನ ದೆವ್ವ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂಗ್ಲಿಷ್ ಪತ್ರಿಕೆಗಳಲ್ಲಿ 'ಅಗಾಸ್ಟ್' ಎಂಬ ಶಬ್ದವನ್ನು ನಾವೆಲ್ಲ ಕಂಡಿದ್ದೇವೆ. ಘೋರವಾದುದನ್ನು ಕಂಡು ಬಾಯಿಂದ ಮಾತು ಹೊರಡದೆ ನಿಂತುಬಿಡುವ ಸ್ಥಿತಿಗೆ ಆ ಹೆಸರು.

ಹಳೆಯ ಇಂಗ್ಲಿಷಿನಲ್ಲಿ 'ಗಾಸ್ಟ್' ಎಂದರೆ ಆತ್ಮ, ಪ್ರೇತ. ಅದರಿಂದ 'ಹೆದರಿಸು' ಎಂಬ ಕ್ರಿಯಾಪದ ಹುಟ್ಟಿತು. 'ಹೆದರಿಸಲ್ಪಟ್ಟ' ಎಂಬರ್ಥದ ರೂಪವೇ ಸುಮಾರು 1300ರ ಹೊತ್ತಿಗೆ ಈ ಶಬ್ದವಾಯಿತು. ಉಚ್ಚಾರದಲ್ಲಿ ಕೇಳಿಸದ 'ಎಚ್' ಅಕ್ಷರ ಆಗ ಇದರಲ್ಲಿರಲಿಲ್ಲ. ಪ್ರೇತವಾಚಕವಾದ 'ಗೋಸ್ಟ್' ಶಬ್ದದಲ್ಲಿ ಅದು ರೂಢಿಯಾದುದು, 1476ರಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟವನ್ನು ತೆರೆದ ವಿಲಿಯಂ ಕ್ಯಾಕ್ಸ್ಟನ್ನನ ಪ್ರಭಾವದಿಂದ. ಅದರ ಸಾಮ್ಯದಿಂದ 'ಅಗಾಸ್ಟ್' ಶಬ್ದದಲ್ಲಿಯೂ ಆ ಅಕ್ಷರ 1700ರ ಬಳಿಕ ಸ್ಥಿರವಾಯಿತು.

ನಮ್ಮ ಹಿರಿಯರೂ 'ಗರ ಬಡಿದವನಂತೆ ನಿಂತ' ಎನ್ನುತ್ತಾರೆ. 'ಗರ' ಎಂಬುದು 'ಗ್ರಹ'ದ ತದ್ಭವ. ಹಿಡಿದು ಕಾಡುವ ಪೀಡೆ. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ನಮ್ಮ ಹಳ್ಳಿ! ಕಲ್ಪನೆ ಮಾತ್ರ ಒಂದೇ.

ಇದರಿಂದ ನಮಗೇನು ಪ್ರಯೋಜನ? ಸಂಬಳ ತಡವಾದಾಗ, ರಜೆ ನಾಮಂಜೂರಾದಾಗ ನಾವು ಅರ್ಜಿ ಬರೆಯುತ್ತೇವೆ. ಅಲ್ಲಿ ಈ ಶಬ್ದ ಹಾಕಿದರೆ ಮೇಲಧಿಕಾರಿಗೆ ನಮ್ಮ ನ್ಯಾಯವಾದ ಅಹವಾಲಿಗಿಂತ ಮಾತಿನ ಆರ್ಭಟವೇ ಎದ್ದು ಕಾಣುತ್ತದೆ; ಆಗುವ ಕೆಲಸ ಕೆಡುತ್ತದೆ. ಅಲ್ಲಿ ತಾರೀಖು, ಮೊಬಲಗು, ಬಾಕಿ ಇಷ್ಟನ್ನೇ ನೇರವಾಗಿ ಬರೆಯೋಣ. ಯಂತ್ರಕ್ಕೆ ಸಿಕ್ಕಿ ಜೊತೆಗಾರನ ಕೈ ಹೋದುದನ್ನು ಕಂಡವರ ಸ್ಥಿತಿಯನ್ನು ಹೇಳಬೇಕಾದಾಗ ಈ ಶಬ್ದ ತಕ್ಕುದು.

ಇಂಗ್ಲಿಷ್ ಶಬ್ದಗಳಿಗೆ ನಾವು ಅಂಜಬೇಕಾಗಿಲ್ಲ. ಮೂಲ ತಿಳಿದರೆ ತೂಕ ತಿಳಿಯುತ್ತದೆ. ನಿಘಂಟು ಕಪಾಟಿನಲ್ಲಿದೆ, ಸಂಕೋಚವಿಲ್ಲದೆ ಕೇಳಿ ತೆಗೆದುಕೊಂಡು ನೋಡಿರಿ.