ನನ್ನ ಮಗ ಯಾವ ಸಾಲಿಗೆ?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಶಿಕ್ಷಕರೊಬ್ಬರು ಆಡಿದ ಮಾತುಗಳು)

 

ಸರಕಾರಿ ಶಾಲೆ ಉಳಿಸುವ ಬಗ್ಗೆ ಮಾತಾಡಲು ನನಗೆ ಅಪ್ಪಣೆಯಾಗಿದೆ. ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ನಾನು ಇಪ್ಪತ್ತೆರಡು ವರ್ಷಗಳಿಂದ ಸರಕಾರಿ ಪ್ರಾಥಮಿಕ ಶಾಲೆಯ ಮಾಸ್ತರ. ನನ್ನ ಹಿರಿಯ ಮಗಳು ಓದುತ್ತಿರುವುದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ. ದಿನಾ ಮುಂಜಾನೆ ಅವಳನ್ನು ಹಳದಿ ವ್ಯಾನಿಗೆ ಹತ್ತಿಸಿ, ಬೈಕು ತಿರುಗಿಸಿ ನನ್ನ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಬಿಸಿಯೂಟದ ಅಡುಗೆ ಮಾಡುವ ತಾಯಿ ಕೇಳಿದರು: “ಮಾಸ್ತರ, ನೀವು ಕಲಿಸೋದು ನಮ್ಮ ಹುಡುಗ್ರಿಗೆ ಸಾಕು, ನಿಮ್ಮ ಮಗಳಿಗೆ ಸಾಲಂಗಿಲ್ಲೇನ್ರೀ?” ನನಗೆ ಉತ್ತರ ಹೊಳೆಯಲಿಲ್ಲ.

ಖಾಸಗಿ ಶಾಲೆಗೆ ಕಳಿಸುವವರನ್ನು ಬಯ್ಯಲು ನಾನು ಬಂದಿಲ್ಲ. ಅವರ ಭಯ ಸುಳ್ಳಲ್ಲ. ನಮ್ಮಲ್ಲಿ ಐದು ತರಗತಿಗೆ ಇಬ್ಬರೇ ಶಿಕ್ಷಕರು. ಒಬ್ಬರು ತರಬೇತಿಗೋ ಗಣತಿಗೋ ಹೋದರೆ ಐದೂ ತರಗತಿ ಇನ್ನೊಬ್ಬರ ಪಾಲು. ಇಂಗ್ಲಿಷಿನ ಆಸೆಯನ್ನು ಹೀಯಾಳಿಸಿಯೂ ಫಲವಿಲ್ಲ. 2019ರಲ್ಲಿ ಸರಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು. ಮಾಧ್ಯಮದ ಆಯ್ಕೆ ಪೋಷಕರದ್ದೆಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ನಮ್ಮ ಮಠಗಳೂ ಇಂಗ್ಲಿಷ್ ಮಾಧ್ಯಮ ಶಾಲೆ ನಡೆಸುತ್ತಿವೆ. ಪೂಜ್ಯರ ಎದುರಿಗೇ ಹೇಳುತ್ತಿದ್ದೇನೆ, ಮನ್ನಿಸಬೇಕು.

ಆದರೆ ನಾನು ಕೊಟ್ಟದ್ದು ಫೀಸು ಮಾತ್ರ ಅಲ್ಲ. ನಾನು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಪಂಕ್ತಿಯಲ್ಲಿ ಪಕ್ಕದವನು ಯಾರ ಮಗ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನನ್ನ ಮಗಳು ಏಳು ವರ್ಷ ಶಾಲೆ ಕಲಿತಳು. ಕೂಲಿಗೆ ಹೋಗುವವರ ಒಂದು ಮಗುವಿನ ಹೆಸರೂ ಅವಳಿಗೆ ಗೊತ್ತಿಲ್ಲ.

ಇನ್ನೊಂದು ನಷ್ಟ ಊರಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ಎಸ್‌ಡಿಎಂಸಿ ಸಭೆಗೆ ಬರುವವರು ಒಂದು ದಿನದ ಕೂಲಿ ಬಿಟ್ಟು ಬರುವ ತಾಯಂದಿರು. ಕೊಠಡಿ ಸೋರುತ್ತದೆ ಎಂದು ಅವರು ಹೇಳಿದರೆ ಕಚೇರಿಯಲ್ಲಿ ಕಿವಿಗೊಡುವವರು ಕಡಿಮೆ. ವಕೀಲರು, ಸೊಸೈಟಿ ಅಧ್ಯಕ್ಷರು ಹೇಳಿದ್ದರೆ ಮಾತು ಬೇರೆ ಇತ್ತು. ಅವರ ಮಕ್ಕಳು ಅಲ್ಲಿಲ್ಲ, ಸೋರುವುದು ಅವರಿಗೆ ತಿಳಿಯುವುದೂ ಇಲ್ಲ.

ಕಳೆದ ಜೂನಿನಲ್ಲಿ ಕಿರಿಯ ಮಗನನ್ನು ನನ್ನ ಶಾಲೆಗೇ ಸೇರಿಸಿದೆ. ಮನೆಯಲ್ಲಿ ಜಗಳವಾಯಿತು. “ನಿಮ್ಮ ಮಾನ ಉಳಿಸ್ಕೊಳ್ಳಾಕ ಮಗನ ಓದು ಒತ್ತಿ ಇಡಬ್ಯಾಡ್ರಿ” ಎಂದಳು ನನ್ನ ಹೆಂಡತಿ. ಆ ಮಾತು ಇನ್ನೂ ಚುಚ್ಚುತ್ತಿದೆ. ಅವಳು ಹೇಳಿದ್ದು ಪೂರಾ ತಪ್ಪು ಎನ್ನಲಾರೆ. ಆದರೆ ಎಸ್‌ಡಿಎಂಸಿ ಸಭೆಗೆ ಅವಳೇ ಬಂದಳು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನಳ ಯಾಕಿಲ್ಲ ಎಂದು ಕೇಳಿದಳು. ಹನ್ನೊಂದು ವರ್ಷ ಅದೇ ಶಾಲೆಯಲ್ಲಿದ್ದ ನಾನು ಕೇಳಿರಲಿಲ್ಲ.

ನಳ ಇನ್ನೂ ಬಂದಿಲ್ಲ. ಮುಂದಿನ ಸಭೆ ಈ ತಿಂಗಳ ಕೊನೆಯ ಶನಿವಾರ. ಮಕ್ಕಳು ಅಲ್ಲಿ ಓದದವರೂ ಬಂದು ಕೂಡಬಹುದು, ಜಾಗ ಬೇಕಾದಷ್ಟಿದೆ.